ಮನೆಯೊಳಗೆ ಗಾಂಜಾ ಬೆಳೆದರೆ ಅಕ್ಕಪಕ್ಕದವರಿಗೆ ಏನು ತೊಂದರೆ? ಎನ್‌ಡಿಪಿಎಸ್ ಟಿಪ್ಪಣಿ

ಎನ್‌ಡಿಪಿಎಸ್ ಕಾಯ್ದೆ, 1985 (ಮಾದಕವಸ್ತುಗಳ ಕುರಿತ ಕಾನೂನು) ಓದುವಾಗ ಎಲ್ಲರೂ ಸೆಕ್ಷನ್ 20 ಬಾಯಿಪಾಠ ಮಾಡುತ್ತಾರೆ. ಗಾಂಜಾ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ. ಸರಿ, ಆದರೆ ಬೆಂಗಳೂರಿನಲ್ಲಿ ಗೋಡೆಗೆ ಗೋಡೆ ತಾಗಿಕೊಂಡಿರುವ ಬಾಡಿಗೆ ಮನೆಗಳಲ್ಲಿ ಇದು ನಡೆದರೆ ಏಟು ಬೀಳುವುದು ಏನೂ ಗೊತ್ತಿಲ್ಲದ ಅಕ್ಕಪಕ್ಕದವರಿಗೆ. ಅದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಕರೆಂಟ್ ಲೆಕ್ಕ ಹಾಕಿ.

ಕೋಣೆಯೊಳಗೆ ಬಿಸಿಲಿಲ್ಲ, ದೊಡ್ಡ ದೀಪಗಳೇ ಬೇಕು. 600 ವ್ಯಾಟ್‌ನ 10 ದೀಪ ಅಂದುಕೊಳ್ಳಿ. ಗಿಡ ಹೂ ಬಿಡುವ ಹಂತದಲ್ಲಿ ಅವು ದಿನಕ್ಕೆ 12 ಗಂಟೆ ಉರಿಯುತ್ತವೆ. ಅಲ್ಲಿಗೆ ಒಂದೇ ದಿನಕ್ಕೆ 72 ಯೂನಿಟ್! ಗೃಹಜ್ಯೋತಿಯ ತಿಂಗಳ ಮಿತಿಯೇ 200 ಯೂನಿಟ್ ಅಲ್ವಾ, ಅದು ಮೂರು ದಿನಕ್ಕೆ ಖಾಲಿ. ಫ್ಯಾನ್, ಎಸಿ ಇನ್ನೂ ಸೇರಿಸಿಲ್ಲ.

ಇಷ್ಟು ಬಿಲ್ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ, ಹಾಗಾಗಿ ಕೆಲವರು ಮೀಟರ್‌ಗೂ ಮುಂಚೆಯೇ ವೈರ್ ಎಳೆದುಕೊಳ್ಳುತ್ತಾರೆ. ನನಗೆ ಅತಿ ಭಯ ಹುಟ್ಟಿಸುವುದು ಇದೇ. ಕರೆಂಟ್ ಮಿತಿಮೀರಿ ಹರಿದರೆ ತಾನಾಗೇ ಟ್ರಿಪ್ ಆಗಿ ಲೈನ್ ಕಡಿಯುವ ಸ್ವಿಚ್, ಅಂದರೆ ಮನೆಯ ಎಂಸಿಬಿ ಇರುವುದು ಮೀಟರ್ ಆದ ಮೇಲೆ, ಕದ್ದ ಲೈನ್‌ಗೆ ಅದರ ಕಾವಲು ಸಿಗುವುದಿಲ್ಲ. 10 ದೀಪಕ್ಕೆ ಸುಮಾರು 26 ಆಂಪಿಯರ್ ಹರಿಯುತ್ತದೆ, ತೆಳು ವೈರ್ ಕಾದು ಮೇಲಿನ ಪ್ಲಾಸ್ಟಿಕ್ ಕರಗಿದರೂ ಟ್ರಿಪ್ ಆಗುವುದಿಲ್ಲ, ಬೆಂಕಿ ಹತ್ತಿದರೆ ಮೇಲಿನ ಮಹಡಿಯಲ್ಲಿ ಮಲಗಿರುವ ಮಕ್ಕಳಿಗೆ ಇಳಿಯಲು ಇರುವುದು ಅದೇ ಒಂದು ಇಕ್ಕಟ್ಟು ಮೆಟ್ಟಿಲು. ಕರೆಂಟ್ ಕಳ್ಳತನಕ್ಕೆ ವಿದ್ಯುತ್ ಕಾಯ್ದೆ, 2003ರ ಸೆಕ್ಷನ್ 135 ಬೇರೆ ಇದೆ, ಎರಡನ್ನೂ ಜೊತೆಗೆ ಓದಿ.

ಆಮೇಲೆ ತೇವ. ಗಿಡಕ್ಕೆ ಹಾಕಿದ ನೀರಿನ ಬಹುಪಾಲು ಎಲೆಗಳಿಂದ ಆವಿಯಾಗುತ್ತದೆ. ಬೆಳಕು, ವಾಸನೆ ಹೊರಗೆ ಹೋಗದಿರಲೆಂದು ಕಿಟಕಿ ಮುಚ್ಚಿರುತ್ತಾರೆ, ಹಾಗಾಗಿ ಆ ತೇವವನ್ನು ಗೋಡೆ ಹೀರುತ್ತದೆ. ಬಣ್ಣ ಉಬ್ಬುತ್ತದೆ, ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಆಸ್ತಮಾ ಇರುವವರಿಗೆ ಬೂಷ್ಟು ಎಷ್ಟು ಕೆಟ್ಟದ್ದು ಅಂತ ಹೇಳಬೇಕಿಲ್ಲ. ಉಳಿದ ಗೊಬ್ಬರದ ನೀರು, ಕೀಟನಾಶಕ ಎಲ್ಲ ಸುಮ್ನೆ ಮೋರಿಗೆ.

ಮನೆ ಮಾಲೀಕರ ವಿಚಾರ ಪರೀಕ್ಷೆಗೂ ಮುಖ್ಯ. ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 25ರ ಪ್ರಕಾರ ಗೊತ್ತಿದ್ದೂ ಮನೆ ಬಳಸಲು ಬಿಟ್ಟವರಿಗೆ ಬೆಳೆದವರಿಗಿರುವಷ್ಟೇ ಶಿಕ್ಷೆ. ‘ಗೊತ್ತಿದ್ದೂ’ ಅನ್ನುವುದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಬಾಡಿಗೆ ಜಾಸ್ತಿ ಕೊಡುತ್ತಾರೆ ಅಂತ ಬಾಯಿ ಮುಚ್ಚಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಅನುಮಾನ ಬಂದರೆ ನೀವೇ ಹೋಗಿ ಬಾಗಿಲು ತಟ್ಟಬೇಡಿ. ಮಾದಕವಸ್ತು ಸಹಾಯವಾಣಿ 1933, ಪೊಲೀಸ್ 112. ಕರೆಂಟ್ ಕಳ್ಳತನ ಅಷ್ಟೇ ಕಂಡರೆ ಬೆಸ್ಕಾಂನ 1912.