ಮುಟ್ಟದೆ ಅಳೆಯುವ ಜಾಯ್‌ಸ್ಟಿಕ್

ಸಂಕ್ರಾಂತಿಗೆ ಊರಿಗೆ ಬಂದಿದ್ದ ಅಕ್ಕನ ಮಗ ತನ್ನ ವೈರ್‌ಲೆಸ್ ಗೇಮ್ ಕಂಟ್ರೋಲರನ್ನು ನನ್ನ ಕೈಗಿಟ್ಟ. "ಮಾಮ, ನಾನು ಸ್ಟಿಕ್ ಮುಟ್ಟದಿದ್ರೂ ಕಾರು ಎಡಕ್ಕೇ ಎಳೀತದೆ ನೋಡು." ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ಕೊಂಡ ದುಬಾರಿ ಕಂಟ್ರೋಲರ್ ಅದು. ಟಿವಿಯಲ್ಲಿ ಕಾರು ನಿಜವಾಗಿಯೂ ತಾನಾಗಿ ರಸ್ತೆ ಬಿಟ್ಟು ಇಳಿಯುತ್ತಿತ್ತು. ಗೇಮ್ ಆಡುವವರೆಲ್ಲ ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ.

ನಮ್ಮ ಎದುರು ಮನೆಯ ಹಿರಿಯರು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ದುಡಿದವರು. ಫ್ಯಾಕ್ಟರಿ ಮುಚ್ಚಿ, ಜಾಗ ಇಸ್ರೊ ಕೈಸೇರಿದೆ. ಅವರ ಸಣ್ಣ ಸ್ಕ್ರೂಡ್ರೈವರ್‌ಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಮಾತ್ರ ಇನ್ನೂ ಡಬ್ಬಿಯಲ್ಲಿ ಜೋಪಾನವಾಗಿವೆ. ಕಂಟ್ರೋಲರ್ ಬಿಚ್ಚಿದ್ದು ಅವರೇ.

ಹೆಬ್ಬೆರಳಿನ ಸ್ಟಿಕ್ಕಿನ ಬುಡದಲ್ಲಿ ಎರಡು ಪುಟ್ಟ ಪೆಟ್ಟಿಗೆಗಳಿದ್ದವು. ಒಂದು ಎಡ-ಬಲ ಅಳೆಯಲು, ಇನ್ನೊಂದು ಮೇಲೆ-ಕೆಳಗೆ ಅಳೆಯಲು. ಒಂದರ ಮುಚ್ಚಳ ಎಬ್ಬಿಸಿದರೆ ಒಳಗೆ ಲಾಳದ ಆಕಾರದ ಕಪ್ಪು ಇಂಗಾಲದ ಪಟ್ಟಿ, ಅದರ ಮೇಲೆ ಜಾರುವ ತೆಳ್ಳನೆಯ ಲೋಹದ ನಾಲಿಗೆ. ಪಟ್ಟಿಯ ನಟ್ಟನಡುವೆ ಕಪ್ಪು ಸವೆದು ಬೂದು ಗೆರೆ ಬಿದ್ದಿತ್ತು, ಪಕ್ಕದಲ್ಲಿ ಕಾಡಿಗೆಯಂಥ ಪುಡಿ. "ಹಳೇ ರೇಡಿಯೋದಲ್ಲಿ ವಾಲ್ಯೂಮ್ ತಿರುಗಿಸಿದ್ರೆ ಕರಕರ ಅಂತಿತ್ತಲ್ಲ, ಅದೇ ಕಾಯಿಲೆ ಕಣಪ್ಪ" ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಎರಡೂ ಕಡೆ ಇರುವುದು ಪೊಟೆನ್ಶಿಯೊಮೀಟರ್. ಪಟ್ಟಿಯ ಎರಡು ತುದಿಗಳ ನಡುವೆ ಸಣ್ಣ ವೋಲ್ಟೇಜ್ ಇರುತ್ತದೆ. ನಾಲಿಗೆ ನಡುವೆ ನಿಂತರೆ ಅದಕ್ಕೆ ಅರ್ಧ ಸಿಗುತ್ತದೆ, ಅತ್ತಿತ್ತ ಸರಿದರೆ ಹೆಚ್ಚು ಕಡಿಮೆ. ಒಳಗಿನ ಎಲೆಕ್ಟ್ರಾನಿಕ್ ಚಿಪ್ ಈ ವೋಲ್ಟೇಜನ್ನು ಅಂಕಿಯಾಗಿ ಓದಿಕೊಳ್ಳುತ್ತದೆ. 12 ಬಿಟ್‌ನ ಲೆಕ್ಕದಲ್ಲಾದರೆ 0ಯಿಂದ 4095ರವರೆಗೆ, ಸ್ಟಿಕ್ ಬಿಟ್ಟಾಗ 2048ರ ಆಸುಪಾಸು. ಹೆಬ್ಬೆರಳು ಅತಿ ಹೆಚ್ಚು ಹೊತ್ತು ತಡಕಾಡುವುದು ಈ ನಡುಭಾಗದಲ್ಲೇ, ಹಾಗಾಗಿ ಪಟ್ಟಿ ಸವೆಯುವುದೂ ಅಲ್ಲೇ. ಸವೆದಲ್ಲಿ ವಿದ್ಯುತ್ ರೋಧ ಏರುಪೇರಾಗುತ್ತದೆ, 2048 ಇರಬೇಕಾದಲ್ಲಿ 1900 ಕಾಣಿಸುತ್ತದೆ. ಯಾರೋ ಸ್ಟಿಕ್ಕನ್ನು ಎಡಕ್ಕೆ ಒತ್ತಿದ್ದಾರೆಂದೇ ಗೇಮ್ ತಿಳಿದುಕೊಳ್ಳುತ್ತದೆ. ಸೆಟ್ಟಿಂಗ್‌ನಲ್ಲಿ ಡೆಡ್‌ಜೋನ್ ಹೆಚ್ಚಿಸಿದರೆ ನಡುವಿನ ಸಣ್ಣಪುಟ್ಟ ಅಲುಗಾಟವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅಷ್ಟು ದುಡ್ಡು ಕೊಟ್ಟದ್ದೇ ಆ ನವಿರಾದ ಹಿಡಿತಕ್ಕಲ್ಲವೇ?

ಉಜ್ಜಿದ್ದು ಸವೆಯುತ್ತದೆ ಎಂಬುದು ವಾಚಿನವರಿಗೆ ಹೊಸ ಪಾಠವಲ್ಲ. 17 ಕಲ್ಲಿನ ವಾಚು ಅನ್ನುತ್ತಿದ್ದೆವಲ್ಲ, ಚಕ್ರದ ಕೀಲುಗಳು ಸವೆಯದಿರಲೆಂದೇ ಅಲ್ಲಿ ಕೃತಕ ಮಾಣಿಕ್ಯದ ಕಲ್ಲು ಕೂರಿಸುತ್ತಿದ್ದರು. ಕೆಲವು ಒಳ್ಳೆಯ ಕಂಟ್ರೋಲರ್‌ಗಳು ಬೇರೆ ದಾರಿ ಹಿಡಿದಿವೆ. ಅಳೆಯುವ ಕಡೆ ಉಜ್ಜಾಟವನ್ನೇ ಕೈಬಿಟ್ಟಿವೆ.

ಆ ದಾರಿಯ ಮೂಲ 1879ರಲ್ಲಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್ ತೆಳುವಾದ ಚಿನ್ನದ ರೇಕಿನಲ್ಲಿ ವಿದ್ಯುತ್ ಹರಿಸಿ, ಅದಕ್ಕೆ ಲಂಬವಾಗಿ ಕಾಂತಕ್ಷೇತ್ರ ಒಡ್ಡಿದ. ರೇಕಿನ ಎರಡು ಅಂಚುಗಳ ನಡುವೆ ಅಡ್ಡಡ್ಡಲಾಗಿ ಒಂದು ಸಣ್ಣ ವೋಲ್ಟೇಜ್ ಕಂಡಿತು. ಜಾತ್ರೆ ದಿನ ಕ್ಯಾತ್ಸಂದ್ರದಿಂದ ಸಿದ್ಧಗಂಗೆ ಮಠಕ್ಕೆ ಜನ ಹೋಗುವಾಗ ಒಂದು ಬದಿಯಿಂದ ಜೋರು ಗಾಳಿ ಬೀಸಿದರೆ ಎಲ್ಲರೂ ನಡೆಯುತ್ತಲೇ ಇನ್ನೊಂದು ಬದಿಗೆ ಒತ್ತಿಕೊಳ್ಳುತ್ತಾರೆ, ಆ ಬದಿ ಕಿಕ್ಕಿರಿಯುತ್ತದೆ. ರೇಕಿನೊಳಗೆ ಎಲೆಕ್ಟ್ರಾನುಗಳ ಪಾಡೂ ಹೀಗೇ. ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ಜೆ.ಜೆ. ಥಾಮ್ಸನ್ ತೋರಿಸಿದ್ದು 1897ರಲ್ಲಿ. ಅಂದರೆ 18 ವರ್ಷ ಮೊದಲೇ, ಹರಿಯುತ್ತಿರುವುದು ಏನೆಂದು ಗೊತ್ತಿಲ್ಲದೆಯೇ, ಆ ಹುಡುಗ ಅದರ ವಾಲಾಟವನ್ನು ಅಳೆದಿದ್ದ! ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಸ್ಟಿಕ್ಕಿನ ಬುಡಕ್ಕೆ ಪುಟ್ಟ ಅಯಸ್ಕಾಂತ ಅಂಟಿಸಿ, ಕೂದಲೆಳೆ ದೂರದಲ್ಲಿ ಆ ಅಡ್ಡ ವೋಲ್ಟೇಜನ್ನು ಅಳೆಯುವ ಹಾಲ್ ಸೆನ್ಸರ್ ಇಟ್ಟರೆ ಆಯಿತು. ಸ್ಟಿಕ್ ಓರೆಯಾದಂತೆ ಕಾಂತಕ್ಷೇತ್ರ ಬದಲಾಗುತ್ತದೆ, ವೋಲ್ಟೇಜೂ ಬದಲಾಗುತ್ತದೆ. ಯಾವುದೂ ಯಾವುದನ್ನೂ ತಾಕುವುದಿಲ್ಲ. ಸೆಗಾ ಕಂಪನಿ ತನ್ನ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲಿ 1998ರಲ್ಲೇ ಇದನ್ನು ಬಳಸಿತ್ತು. ಹಾಲ್ ಸೆನ್ಸರಿಗೆ ಸದಾ ಕರೆಂಟು ಬೇಕು, ಬ್ಯಾಟರಿ ಮೇಲೆ ನಡೆಯುವ ಕಂಟ್ರೋಲರಿಗೆ ಅದು ಭಾರ. ಕಾಂತಕ್ಷೇತ್ರಕ್ಕೆ ತಕ್ಕಂತೆ ತಮ್ಮ ವಿದ್ಯುತ್ ರೋಧವನ್ನೇ ಬದಲಿಸುವ ಇತ್ತೀಚಿನ ಟಿಎಂಆರ್ ಸೆನ್ಸರುಗಳೂ ಅಯಸ್ಕಾಂತವನ್ನೇ ನಂಬಿದವು, ಆದರೆ ಕರೆಂಟು ತೀರಾ ಕಡಿಮೆ ಸಾಕು. ಸ್ಟಿಕ್ಕನ್ನು ನಡುವಿಗೆ ಎಳೆದು ತರುವ ಸ್ಪ್ರಿಂಗ್ ಮಾತ್ರ ಎಲ್ಲದರಲ್ಲೂ ಇದ್ದೇ ಇದೆ, ಅದು ಸಡಿಲಾದರೆ ಯಾವ ಸೆನ್ಸರೂ ಏನೂ ಮಾಡಲಾಗದು. ಬಣ್ಣದ ಲೈಟು, ಹಿಂಬದಿಯ ಹೆಚ್ಚುವರಿ ಬಟನ್ ನೋಡಿ ಮರುಳಾಗುವ ಮೊದಲು ಸ್ಟಿಕ್ಕಿನಡಿ ಯಾವ ಸೆನ್ಸರ್ ಇದೆ ಎಂದು ಕೇಳಿ ಎಂದೇ ನಾನು ಹೇಳುವುದು.

ವೈರ್ ಇಲ್ಲದಿದ್ದರೆ ತಡವಾಗುತ್ತದೆ ಎಂಬ ಭಯವೂ ಹಲವರಿಗಿದೆ. ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆಯಲ್ಲಿ ಒಂದು ಚಿತ್ರದ ಆಯುಸ್ಸು ಸುಮಾರು 16.7 ಮಿಲಿಸೆಕೆಂಡ್. ಜೊತೆಗೆ ಬರುವ ಡಾಂಗಲ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್, ಸೆಕೆಂಡಿಗೆ 1000 ಸಲ ಸುದ್ದಿ ಮುಟ್ಟಿಸುವಂಥದ್ದಾದರೆ ಎರಡು ಸುದ್ದಿಗಳ ನಡುವಿನ ಅಂತರ 1 ಮಿಲಿಸೆಕೆಂಡ್ ಅಷ್ಟೆ. ತೊಂದರೆ ಕೊಡುವುದು ಹೆಚ್ಚಾಗಿ ಡಾಂಗಲ್ ಇಟ್ಟ ಜಾಗ. ಇಂಥ ಡಾಂಗಲ್ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಕಂಪ್ಯೂಟರಿನ ತಗಡಿನ ಪೆಟ್ಟಿಗೆ ಅದಕ್ಕೆ ಗೋಡೆಯಿದ್ದಂತೆ, ನೀರು ತುಂಬಿದ ನಮ್ಮ ಮೈ ಅದನ್ನು ಹೀರಿಕೊಳ್ಳುತ್ತದೆ. ಡಾಂಗಲ್ಲನ್ನು ಪೆಟ್ಟಿಗೆಯ ಹಿಂದೆ ಸಿಕ್ಕಿಸದೆ ಕಣ್ಣೆದುರು ತಂದಿಟ್ಟರೆ ಅರ್ಧ ದೂರು ಅಲ್ಲಿಗೇ ನಿಲ್ಲುತ್ತದೆ.

ಹುಡುಗ ಆನ್‌ಲೈನಿನಲ್ಲಿ ಹಾಲ್ ಸ್ಟಿಕ್ ತರಿಸಿದ. 14 ಕಾಲುಗಳ ಬೆಸುಗೆ ಕರಗಿಸಿ ಹಳೆಯದನ್ನು ಕಿತ್ತು ಹೊಸದು ಕೂರಿಸುವಷ್ಟರಲ್ಲಿ ಹಿರಿಯರಿಗೆ ಒಂದು ಮಧ್ಯಾಹ್ನವೇ ಹಿಡಿಯಿತು. ನಡು ಎಲ್ಲಿ, ಅಂಚು ಎಲ್ಲಿ ಎಂದು ಕಂಟ್ರೋಲರಿಗೆ ಮತ್ತೆ ಕಲಿಸಿ ಆಟ ಶುರುಮಾಡಿದರೆ ಕಾರು ನೇರಕ್ಕೆ ಓಡಿತು. ಹತ್ತು ನಿಮಿಷ ಕಳೆದಿರಬೇಕು, ಮತ್ತೆ ಪಕ್ಕಕ್ಕೆ ಎಳೆಯತೊಡಗಿತು! ಹುಡುಗನ ಮುಖ ಬಾಡಿತು. ಹಿರಿಯರು ಅವನ ತೊಡೆಯ ಮೇಲೆ ಕಣ್ಣಾಡಿಸಿ, ಅಲ್ಲಿದ್ದ ಮೊಬೈಲನ್ನು ಎತ್ತಿ ಆಚೆ ಇಟ್ಟರು. ಅದರ ಪೌಚಿನ ಮುಚ್ಚಳದಲ್ಲಿ ಅಯಸ್ಕಾಂತವಿತ್ತು. ಕಾರು ತನ್ನ ಪಾಡಿಗೆ ತಾನು ರಸ್ತೆಗೆ ಮರಳಿತು.