ಹೋದ ವರ್ಷ ಇತ್ತಲ್ರೀ

ಕಲಬುರಗಿಯ ಒಂದು ಸಣ್ಣ ಗ್ರಾಹಕರ ಸಹಕಾರಿ ಅಂಗಡಿಯಲ್ಲಿ ಕಾಯಿಪಲ್ಯೆ, ಕಾಳುಕಡಿ ಖರೀದಿ ನೋಡಿಕೊಳ್ಳುವ ಕೆಲಸ ನನ್ನದು. 14 ವರ್ಷ ಆಯಿತು. ಈ 14 ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಉತ್ತರ ಕೊಟ್ಟ ಪ್ರಶ್ನೆ ಒಂದೇ. "ಹೋದ ವರ್ಷ ಅಮಾಸಿಗಿ ಇತ್ತಲ್ರೀ, ಈ ವರ್ಷ ಯಾಕಿಲ್ಲ?"

ಮಾರ್ಗಶಿರದ ಕೊನೆಗೆ ಬರುವ, ಹೊಲಕ್ಕೆ ಹೋಗಿ ಬೆಳೆ ಪೂಜಿಸುವ ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಸಂಜೆ ಅಂಗಡಿಗೆ ಬಂದು ನೋಡಿ. ಕೈಯಲ್ಲಿ ಚೀಟಿ ಹಿಡಿದು ಜನ ಸಾಲಾಗಿ ನಿಂತಿರುತ್ತಾರೆ. ಚೀಟಿಯಲ್ಲಿ ಹಸಿ ತೊಗರಿಕಾಯಿ, ಹಸಿ ಕಡ್ಲಿ, ಅವರೆ, ಬಟಾಣಿ, ಮೆಂತ್ಯೆ, ಪುಂಡಿಪಲ್ಯೆ, ಎಳೆ ಬದನೆ, ಈರುಳ್ಳಿ ತಪ್ಪಲು ಎಲ್ಲ ಇರುತ್ತದೆ. ಹೋದ ವರ್ಷದ ಚೀಟಿಯೇ ಅದು. ಕೆಲವರು ಫೋನಿನಲ್ಲಿ ಹೋದ ವರ್ಷದ ಫೋಟೋ ಸಹ ತೋರಿಸುತ್ತಾರೆ. ಅದರಲ್ಲಿ ಒಂದು ಸಿಗದಿದ್ದರೆ ಮುಖ ಸಣ್ಣದಾಗುತ್ತದೆ. ನಾವು ಸರಿಯಾಗಿ ತರಿಸಿಲ್ಲ, ಇಲ್ಲವೇ ಬೇರೆ ಯಾರಿಗೋ ಕೊಟ್ಟಿದ್ದೇವೆ ಎಂದೇ ಅವರ ಲೆಕ್ಕ.

ಈ ಹಸಿಕಾಳು, ಸೊಪ್ಪು ಎಲ್ಲ ಸೇರಿಸಿ ಕುದಿಸುವ ಭಜ್ಜಿ, ಹೊಲದಲ್ಲಿ ಭೂತಾಯಿಗೆ ಎಡೆ ಚೆಲ್ಲುವ ಚರಗ, ಇವುಗಳ ಬಗ್ಗೆ ನಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಸಜ್ಜೆ ರೊಟ್ಟಿಗೆ ಎಳ್ಳು ಎಷ್ಟು ಹಚ್ಚಬೇಕು ಎನ್ನುವುದೂ ನಿಮಗೇ ಚೆನ್ನಾಗಿ ಗೊತ್ತು. ನಾನು ಹೇಳಬೇಕಾದದ್ದು ತಾರೀಖಿನ ವಿಷಯ. ದಯವಿಟ್ಟು ಸ್ವಲ್ಪ ನಿಧಾನವಾಗಿ ಓದಿ.

2022ರಲ್ಲಿ ಎಳ್ಳ ಅಮಾವಾಸ್ಯೆ ಎರಡು ಸಲ ಬಂತು. ಒಂದು ಜನವರಿ 2ಕ್ಕೆ, ಇನ್ನೊಂದು ಡಿಸೆಂಬರ್ 23ಕ್ಕೆ. 2023ರಲ್ಲಿ ಬರಲೇ ಇಲ್ಲ. 2024ರಲ್ಲಿ ಮತ್ತೆ ಎರಡು, ಜನವರಿ 11 ಮತ್ತು ಡಿಸೆಂಬರ್ 30. 2025ರಲ್ಲಿ ಡಿಸೆಂಬರ್ 19. 2026ರ ಕ್ಯಾಲೆಂಡರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಧಿಕ ಜ್ಯೇಷ್ಠ ನಡುವೆ ಬಂದದ್ದರಿಂದ ಅದು 2027ರ ಜನವರಿ ಮೊದಲ ವಾರಕ್ಕೆ ಹೋಗಿದೆ.

ಚಂದ್ರನ ಲೆಕ್ಕದ 12 ತಿಂಗಳಿಗೆ ಸುಮಾರು 354 ದಿನ. ಹಾಗಾಗಿ ಹಬ್ಬ ಪ್ರತಿ ವರ್ಷ 11 ದಿನ ಹಿಂದಕ್ಕೆ ಸರಿಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದಾಗ ಒಮ್ಮೆಲೆ ಮುಂದಕ್ಕೆ ಹಾರುತ್ತದೆ. ಆದರೆ ಹೊಲದಲ್ಲಿರುವ ಬೆಳೆಗೆ ಅಧಿಕ ಮಾಸ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬಿತ್ತಿದ ದಿನ, ಬಿದ್ದ ಮಳೆ, ಬಿಸಿಲು, ಚಳಿ. ಡಿಸೆಂಬರ್ 19ಕ್ಕೂ ಜನವರಿ 11ಕ್ಕೂ ನಡುವೆ 23 ದಿನ ಇದೆ. 23 ದಿನದಲ್ಲಿ ಹೊಲದ ಗುರುತೇ ಸಿಗದಷ್ಟು ಬದಲಾಗುತ್ತದೆ. ಹೋದ ವರ್ಷ ಅಮಾವಾಸ್ಯೆಗೆ ಇದ್ದದ್ದು ಈ ವರ್ಷ ಅಮಾವಾಸ್ಯೆಗೆ ಇರಬೇಕು ಎಂದರೆ ಎಲ್ಲಿಂದ ತರುವುದು, ಹೇಳಿ?

ತೊಗರಿಯನ್ನೇ ತೆಗೆದುಕೊಳ್ಳಿ. ನಮ್ಮದು ತೊಗರಿಯ ಕಣಜ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅದಕ್ಕೇ ಇರಬೇಕು, ಹಸಿ ತೊಗರಿಕಾಯಿ ಇಲ್ಲ ಎಂದರೆ ನಮ್ಮ ಜನ ನಂಬುವುದಿಲ್ಲ. "ತೊಗರಿ ನಾಡಾಗ ತೊಗರಿಕಾಯಿ ಇಲ್ಲೇನ್ರೀ?" ಎನ್ನುತ್ತಾರೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಹಸಿಕಾಯಿ ಕೊಡುತ್ತದೆ. ಜನವರಿ ಎರಡನೇ ವಾರಕ್ಕೆ ಬಹಳಷ್ಟು ಹೊಲಗಳಲ್ಲಿ ಕಾಯಿ ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನುತ್ತಿರುತ್ತದೆ. ಕೊಯ್ಲು ಶುರುವಾಗಿರುತ್ತದೆ. ಹಾಗಾದರೆ ತಡವಾಗಿ ಬಿತ್ತಿದವರ ಹೊಲದಲ್ಲಿ ಸಿಗಬೇಕಲ್ವಾ ಎಂದು ಕೇಳುತ್ತಾರೆ. ಸಿಗುತ್ತದೆ, ಆದರೆ ಕಡಿಮೆ. ನಮ್ಮ ಕಡೆ ಬೆಳೆಯುವ ತೊಗರಿ ಹಗಲು ಗಿಡ್ಡವಾಗುವುದನ್ನು ನೋಡಿ ಹೂ ಬಿಡುವ ಗಿಡ. ಮೂರು ವಾರ ತಡವಾಗಿ ಬಿತ್ತಿದರೆ ಹೂವೂ ಮೂರು ವಾರ ತಡವಾಗುತ್ತದೆ ಎಂದಿಲ್ಲ. ತಡವಾಗಿ ಬಿತ್ತಿದ ಗಿಡ ಸಣ್ಣದಿರುವಾಗಲೇ ಹೂ ಬಿಟ್ಟುಬಿಡುತ್ತದೆ. ಹೂ ಬಿಟ್ಟ ಹೊತ್ತಿಗೆ ಮೋಡ, ಮಂಜು ಕವಿದರೆ ಹೂ ಉದುರುವ ಭಯ ಬೇರೆ.

ಕಡ್ಲಿಯ ಕಥೆ ಇದಕ್ಕೆ ಉಲ್ಟಾ. ಅದು ಹಿಂಗಾರಿ ಬೆಳೆ. ಅಕ್ಟೋಬರಿನಲ್ಲಿ ಬಿತ್ತಿದರೆ ಡಿಸೆಂಬರ್ 19ಕ್ಕೆ ಹೊಲದಲ್ಲಿ ಎಲೆ ಇರುತ್ತದೆ, ಹೂ ಇರುತ್ತದೆ. ಗುಂಡಗೆ ಕಾಳು ತುಂಬಿದ ಸುಲಗಾಯಿ ಬೇಕೆಂದರೆ ಜನವರಿ ಬರಬೇಕು. ಅಮಾವಾಸ್ಯೆ ಬೇಗ ಬಂದ ವರ್ಷ ತೊಗರಿಕಾಯಿ ಜಾಸ್ತಿ, ಕಡ್ಲಿಕಾಯಿ (ಶೇಂಗಾ ಅಲ್ಲ, ಹಸಿ ಕಡ್ಲಿ) ಇಲ್ಲ. ತಡವಾಗಿ ಬಂದ ವರ್ಷ ಕಡ್ಲಿಕಾಯಿ ಜಾಸ್ತಿ, ತೊಗರಿಕಾಯಿ ಹುಡುಕಬೇಕು. ಎರಡೂ ಕೈತುಂಬ ಸಿಗುವುದು ಹಬ್ಬ ಡಿಸೆಂಬರ್ ಕೊನೆಗೆ ಬಂದಾಗ ಮಾತ್ರ. ಅದೂ ಮಳೆ ಸರಿಯಾಗಿ ಆಗಿದ್ದರೆ.

ನಮ್ಮ ಅಜ್ಜಿಯಂದಿರು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಡ್ಲಿಕಾಯಿ ಇಲ್ಲದಿದ್ದರೆ ಕಡ್ಲಿ ಕುಡಿ ಚಿವುಟಿ ಭಜ್ಜಿಗೆ ಹಾಕುತ್ತಿದ್ದರು. ಹೇಗೂ ಗಿಡ ಚೆನ್ನಾಗಿ ಹರಡಲಿ ಎಂದು ಕುಡಿ ಚಿವುಟುವುದೇ. ಆ ಕುಡಿಯ ಹುಳಿ ಬಾಯಿಗೆ ಬಂದರೆ ಹುಣಸೆಹಣ್ಣು ಅರ್ಧ ಸಾಕು. ಈಗ ಕುಡಿಯ ಕಟ್ಟು ಕೌಂಟರಿನ ಮೇಲೆ ಇಟ್ಟರೆ "ಇದಲ್ರೀ, ಕಾಯಿ ಬೇಕು" ಎಂದು ಪಕ್ಕಕ್ಕೆ ಸರಿಸುತ್ತಾರೆ. ಅಲ್ಲಿಂದ ಹೋಗಿ ಎಲ್ಲೋ ಐಸಿನಲ್ಲಿಟ್ಟ ಬಟಾಣಿ ತರುತ್ತಾರೆ. ಮೂರು ದಿನ ಬಿಟ್ಟು ಬಂದು ಭಜ್ಜಿಗೆ ರುಚಿ ಬರಲಿಲ್ಲ ಎನ್ನುತ್ತಾರೆ. ಆಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ತೊಗರಿಕಾಯಿಯಲ್ಲಿ ತೂತು ಇದೆ ಎಂದು ವಾಪಸ್ ಕೊಡುವವರಿಗೆ ಒಂದು ಮಾತು. ಅದು ಕಾಯಿಕೊರಕ ಹುಳದ ತೂತು. ನಮ್ಮ ರೈತರು ಗಿಡ ಅಲ್ಲಾಡಿಸಿ ಕೀಡಿ ಬೀಳಿಸಿದರೂ ಕೆಲವು ಉಳಿದೇ ಉಳಿಯುತ್ತವೆ. ಆ ಕಾಯಿ ತೆಗೆದು ಹಾಕಿ, ಉಳಿದದ್ದು ಬಿಡಿಸಿಕೊಳ್ಳಿ. ಒಂದೂ ತೂತಿಲ್ಲದ ರಾಶಿ ಕಂಡರೆ ಔಷಧಿ ಹೊಡೆದು ಎಷ್ಟು ದಿನ ಆಯಿತು ಎಂದು ನಾನು ರೈತರನ್ನು ಕೇಳುತ್ತೇನೆ. ಔಷಧಿಯ ಡಬ್ಬಿಯ ಜೊತೆ ಬರುವ ಕಾಗದದಲ್ಲಿ ಹೊಡೆದ ಮೇಲೆ ಎಷ್ಟು ದಿನ ಕಾಯಬೇಕು ಎಂದು ಬರೆದಿರುತ್ತದೆ. ತೂತಿಲ್ಲದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕೇಳಿ ತೆಗೆದುಕೊಳ್ಳಿ ಎನ್ನುತ್ತಿದ್ದೇನೆ ಅಷ್ಟೇ.

ಇನ್ನು ಸೀತನಿ ಊಟದ ವಿಷಯ. ನಮ್ಮ ಸಂಘದವರು ವರ್ಷಕ್ಕೊಮ್ಮೆ ಸದಸ್ಯ ರೈತರೊಬ್ಬರ ಹೊಲಕ್ಕೆ ಮನೆಮಂದಿ ಕರೆದುಕೊಂಡು ಹೋಗುತ್ತೇವೆ. ಜೋಳದ ಎಳೆ ತೆನೆ ಸುಟ್ಟು ತಿನ್ನುವುದು, ಬುತ್ತಿ ಬಿಚ್ಚಿ ಎಲ್ಲರೂ ಹಂಚಿಕೊಂಡು ಉಣ್ಣುವುದು. ಅಂಗಡಿಯಲ್ಲಿ ಬಿಲ್ ಬಗ್ಗೆ ಜಗಳ ಆಡಿದವರು ಅಲ್ಲಿ ಒಂದೇ ತಟ್ಟೆಯಲ್ಲಿ ಶೇಂಗಾ ಹಿಂಡಿ ಹಂಚಿಕೊಳ್ಳುತ್ತಾರೆ. ನನಗೆ ವರ್ಷದಲ್ಲಿ ತುಂಬಾ ಇಷ್ಟದ ದಿನ ಅದು.

2025ರ ವಾರ್ಷಿಕ ಸಭೆಯಲ್ಲಿ ಒಬ್ಬ ನಿವೃತ್ತ ಮಾಸ್ತರರು ಎದ್ದು ನಿಂತರು. ಎಲ್ಲ ಕಾರ್ಯಕ್ರಮಗಳ ತಾರೀಖು ಮೊದಲೇ ಅಚ್ಚು ಹಾಕಿಸಿ, ಬೆಂಗಳೂರು, ಪುಣೆಯಲ್ಲಿರುವ ಮಕ್ಕಳು ರಜೆ ಹಾಕಿ ಬರಲು ಅನುಕೂಲ ಎಂದರು. ಮಾತು ನ್ಯಾಯವಾಗಿಯೇ ಇತ್ತು. ಸೀತನಿಗೆ ಮಾತ್ರ ಬೇಡ ಎಂದು ನಾನು ಹೇಳಿದೆ, ಯಾಕೆ ಎಂದು ಬಿಡಿಸಿ ಹೇಳಲು ಆಗಲಿಲ್ಲ. ಸಹಕಾರಿ ಸಂಘದಲ್ಲಿ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಓಟು. ಕೈ ಎತ್ತಿದವರು ಜಾಸ್ತಿ ಇದ್ದರು. ಅಮಾವಾಸ್ಯೆ ಶುಕ್ರವಾರ ಇದೆ, ಮಕ್ಕಳು ಊರಿಗೆ ಬಂದಿರುತ್ತಾರೆ, ಆ ಭಾನುವಾರವೇ ಇರಲಿ ಎಂದು ಡಿಸೆಂಬರ್ 21 ನಿಗದಿಯಾಯಿತು.

ಆಮೇಲೆ ಏನಾಯಿತು ನಿಮಗೇ ಗೊತ್ತು. ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಹಿಡಿದುಕೊಂಡಿತು. ಭೀಮಾ ಉಕ್ಕಿ ಹರಿಯಿತು. ನೀರು ನಿಂತ ಕಡೆ ತೊಗರಿ ಕೊಳೆತೇ ಹೋಯಿತು. ಜೋಳ ಬಿತ್ತಬೇಕಾದ ಕರಿ ಮಣ್ಣಿನಲ್ಲಿ ಕಾಲಿಟ್ಟರೆ ಮೊಣಕಾಲ ತನಕ ಹೂಳುತ್ತಿತ್ತು. ನಾವು ಸೀತನಿಗೆ ಹೋಗಬೇಕಿದ್ದ ಜೇವರ್ಗಿ ಕಡೆಯ ಸದಸ್ಯ ರೈತರ ಹೊಲದಲ್ಲಿ ಹದ ಬಂದು ಮಾಲದಂಡಿ ಜೋಳ ಬಿತ್ತುವಾಗ ಅಕ್ಟೋಬರ್ ಮೂರನೇ ವಾರ ದಾಟಿತ್ತು.

ಬೇಡ ಎಂದು ಫೋನ್ ಮಾಡಿ ಹೇಳಿದರೂ ಜನ ಕೇಳಲಿಲ್ಲ. ಎರಡು ಟೆಂಪೋ ತುಂಬಿ ಹೊರಟೆವು. ಹೊಲ ಹಸಿರಾಗಿತ್ತು, ಬೆಳೆ ಸೊಂಟದ ತನಕ ಬಂದಿತ್ತು. ತೆನೆ ಒಂದೂ ಇಲ್ಲ. ರೈತರ ತಾಯಿ ಬದುವಿನ ಮೇಲೆ ಕೂತಿದ್ದವರು ಎದ್ದು ಬಂದರು. ಒಂದು ದಂಟಿನ ತುದಿಯ ಎಲೆಯ ಸುರುಳಿಯನ್ನು ಹೆಬ್ಬೆರಳಿನಿಂದ ಸೀಳಿದರು. ಒಳಗೆ ಬೆರಳುದ್ದದ, ಹಸಿರು ಬಿಳುಪಿನ, ಒದ್ದೆ ಹತ್ತಿಯಂಥ ಎಳೆ ತೆನೆ ಮಡಚಿಕೊಂಡು ಮಲಗಿತ್ತು. "ನೋಡ್ರಿ, ಕೂಸು ಇನ್ನ ಹೊಟ್ಟ್ಯಾಗೇ ಅದ. ನೀವ್ ಸುಡಾಕ ಬಂದೀರಿ" ಎಂದರು. ಮಾಸ್ತರರು ಆ ದಂಟು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಏನೂ ಮಾತಾಡಲಿಲ್ಲ.

ಬುತ್ತಿ ಉಂಡು ವಾಪಸ್ ಬಂದೆವು. ಮತ್ತೆ ಹೋದದ್ದು ಫೆಬ್ರವರಿ 1ಕ್ಕೆ, ಆ ತಾಯಿಯೇ ಫೋನ್ ಮಾಡಿಸಿ ಕರೆದ ಮೇಲೆ. ಸೀತನಿಯ ಹದ ನೋಡುವುದು ಅವರಿಂದಲೇ ಕಲಿಯಬೇಕು. ಕಾಳು ಹಿಚುಕಿದಾಗ ಹಾಲು ಚಿಮ್ಮಿದರೆ ಇನ್ನೂ ಬೇಗ, ಸುಟ್ಟರೆ ಮುದುಡಿ ಸಿಪ್ಪೆ ಮಾತ್ರ ಉಳಿಯುತ್ತದೆ. ಉಗುರು ಊರಿದಾಗ ಗುರುತು ಹಾಗೇ ನಿಂತು, ಒಳಗೆ ನಾದಿದ ಹಿಟ್ಟಿನ ಹಾಗಿದ್ದರೆ ಸರಿಯಾದ ಹದ. ಉಗುರು ಜಾರಿದರೆ ಮುಗಿಯಿತು, ಅದು ರಾಶಿ ಮಾಡುವ ಜೋಳ. ಒಂದು ಹೊಲದಲ್ಲಿ ಈ ಹದ ಒಂದು ವಾರ, ಹೆಚ್ಚೆಂದರೆ 10 ದಿನ ಇರುತ್ತದೆ. ಬಿಸಿಲು ಜೋರಾದರೆ ಅಷ್ಟೂ ಇಲ್ಲ. ಕುಳ್ಳಿನ ಕೆಂಡದಲ್ಲಿ ತೆನೆ ಹೊರಳಿಸಿ, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಊದಿ ಬಾಯಿಗೆ ಹಾಕಿಕೊಂಡರೆ ಹಾಲು, ಹೊಗೆ, ಸಿಹಿ ಮೂರೂ ಒಟ್ಟಿಗೆ ಬರುತ್ತದೆ. ಅವತ್ತು ಬಂದವರು ಮೊದಲಿನ ಅರ್ಧ. ಮಾಸ್ತರರ ಮಗ ಪುಣೆಯಿಂದ ಬರಲು ಆಗಲಿಲ್ಲ. ಅವರು ಒಂದು ಡಬ್ಬಿ ತುಂಬ ಸೀತನಿ ಕಟ್ಟಿಸಿಕೊಂಡು ರಾತ್ರಿ ಬಸ್ಸಿಗೆ ಕೊಟ್ಟು ಕಳಿಸಿದರು.

"ಹೋದ ವರ್ಷ ಇತ್ತಲ್ರೀ" ಎಂದು ಕೇಳದ ಗಿರಾಕಿಗಳೂ ನಮಗೆ ಇದ್ದಾರೆ. ರಂಜಾನ್ ಸಾಮಾನಿಗೆ ಬರುವವರು. ಅವರ ತಿಂಗಳು ಅಧಿಕ ಮಾಸವಿಲ್ಲದೆ ವರ್ಷವೆಲ್ಲ ಸುತ್ತುತ್ತದೆ. 2019ರಲ್ಲಿ ಮೇ ತಿಂಗಳಲ್ಲಿ ರೋಜಾ ಇತ್ತು, ಇಫ್ತಾರಿಗೆ ಮಾವಿನಹಣ್ಣು ಒಯ್ದರು. 2026ರಲ್ಲಿ ಫೆಬ್ರವರಿಯಲ್ಲೇ ಶುರುವಾಯಿತು, ದ್ರಾಕ್ಷಿ ಒಯ್ದರು. "ಮಾವು ಯಾಕಿಲ್ಲ" ಎಂದು ಒಬ್ಬರೂ ಕೇಳಲಿಲ್ಲ. ಖರ್ಜೂರ ಕಟ್ಟುತ್ತಾ ನಾನೇ ಒಬ್ಬ ಹಿರಿಯರ ಹತ್ತಿರ ಇದನ್ನು ಹೇಳಿದೆ. "ತಿಂಗಳ ತಿರಗ್ತದ, ಹಣ್ಣೂ ತಿರಗ್ತಾವ, ಅದರಾಗೇನದ" ಎಂದು ಚೀಲ ಎತ್ತಿಕೊಂಡು ಹೋದರು.

ಬೆಲೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಹಬ್ಬದ ಹಿಂದಿನ ದಿನ ಕಣ್ಣಿ ಮಾರ್ಕೆಟ್ಟಿನಲ್ಲಿ ದರ ಏರುವುದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ 10 ದಿನ ಮೊದಲೇ ಎಷ್ಟು ಮನೆಗೆ ಎಷ್ಟು ಬೇಕು ಎಂದು ಗೊತ್ತಾದರೆ ನಮ್ಮ ಸದಸ್ಯ ರೈತರ ಹತ್ತಿರ ದರ ಮಾತಾಡಿ ನೇರ ಹೊಲದಿಂದ ತರಿಸಬಹುದು. ಅವರಿಗೂ ಬೆಳಗಿನ ಜಾವ ಮಾರ್ಕೆಟ್ಟಿಗೆ ಹೊತ್ತು ತಂದು ಮಾರಾಟವಾಗದೆ ಉಳಿದರೆ ಎಂಬ ಚಿಂತೆ ಇರುವುದಿಲ್ಲ. ಒಂದು ವರ್ಷ ಚೀಟಿ ಇಲ್ಲದೆ, ಅಂದಾಜಿನ ಮೇಲೆ ಒಬ್ಬ ವ್ಯಾಪಾರಿಯಿಂದ ತೊಗರಿಕಾಯಿ ತರಿಸಿದ್ದೆ. ಚೀಲದೊಳಗೆ ಕೈ ಹಾಕಿದರೆ ಬೆಚ್ಚಗಿತ್ತು. ಎರಡು ದಿನ ಕಟ್ಟಿಟ್ಟ ಮಾಲು, ನಡುವಿನದ್ದೆಲ್ಲ ಹಳದಿ ಬಿದ್ದಿತ್ತು. ಅರ್ಧ ಚೆಲ್ಲಿದೆವು. ಅಷ್ಟು ಕಾಯಿ ಬೆಳೆಸಲು ಒಬ್ಬರು ಆರು ತಿಂಗಳು ದುಡಿದಿರುತ್ತಾರೆ ಎನ್ನುವುದು ಅವತ್ತು ಮನಸ್ಸಿನಿಂದ ಹೋಗಲೇ ಇಲ್ಲ.

ಬರುವ ಅಮಾವಾಸ್ಯೆ ಜನವರಿ ಮೊದಲ ವಾರದಲ್ಲಿ ಇರುವುದರಿಂದ ಕಡ್ಲಿಕಾಯಿ ಚೆನ್ನಾಗಿ ಸಿಗಬಹುದು. ತೊಗರಿಕಾಯಿ ತಡದ ಹೊಲಗಳಲ್ಲಿ ಮಾತ್ರ, ಒಬ್ಬರಿಗೆ ಅರ್ಧ ಕಿಲೋ ಮೇಲೆ ಕೊಡಲು ಆಗಲಿಕ್ಕಿಲ್ಲ. ಖಚಿತ ಮಾತು ಡಿಸೆಂಬರ್ 20ರ ನಂತರ, ಹೊಲ ನೋಡಿ ಬಂದ ಮೇಲೆ ಹೇಳುತ್ತೇನೆ. ಹೆಸರು ಬರೆಸುವ ಪುಸ್ತಕ ಗಲ್ಲಾದ ಪಕ್ಕದಲ್ಲಿ ದಾರ ಕಟ್ಟಿ ಇಟ್ಟಿದ್ದೇವೆ. ಬರೆಸುವಾಗ ಸಾಮಾನಿನ ಹೆಸರಿನ ಜೊತೆ ಅದು ಸಿಗದಿದ್ದರೆ ಬದಲಿಗೆ ಯಾವುದು ನಡೆಯುತ್ತದೆ ಎಂದೂ ಬರೆಯಿರಿ, ಅದಕ್ಕೆಂದೇ ಇನ್ನೊಂದು ಗೆರೆ ಹಾಕಿಸಿದ್ದೇನೆ. ಸೀತನಿ ಊಟಕ್ಕೆ ಈ ಸಲ ತಾರೀಖು ಅಚ್ಚು ಹಾಕಿಸಿಲ್ಲ. ಜೇವರ್ಗಿಯಿಂದ ಫೋನ್ ಬಂದ ದಿನವೇ ಎಲ್ಲರಿಗೂ ತಿಳಿಸುತ್ತೇವೆ, ಆಮೇಲೆ ನಿಮಗೆ ಸಿಗುವುದು ನಾಲ್ಕೈದು ದಿನ. ಪುಣೆಯವರು ಒಂದು ರಜೆ ಉಳಿಸಿಟ್ಟುಕೊಳ್ಳಲಿ.