ಪೈಲಟ್‌ಗಳಿಗೆಲ್ಲ ಇಂಗ್ಲಿಷ್ ಬರುತ್ತದಲ್ಲ, ಮತ್ತೆ ಭಾಷೆಯಿಂದ ಅಪಘಾತ ಹೇಗೆ?

ಓದುಗರ ಪ್ರಶ್ನೆ: ವಿಮಾನದವರು ನೆಲದಿಂದ ದಾರಿ ಹೇಳುವ ಕಂಟ್ರೋಲರ್ ಜೊತೆ ಇಂಗ್ಲಿಷ್‌ನಲ್ಲೇ ಮಾತಾಡುತ್ತಾರೆ ಅಂತ ಕೇಳಿದ್ದೇನೆ. ಹಾಗಿದ್ದೂ ಭಾಷೆಯ ತೊಡಕಿನಿಂದ ವಿಮಾನಗಳು ಬಿದ್ದಿವೆಯಂತೆ. ನಿಜವೇ?

ನಿಜ. ಇಂಗ್ಲಿಷ್ ಬರುವುದು ಬೇರೆ, ಗಾಬರಿಯ ಹೊತ್ತಲ್ಲಿ ಬೇಕಾದ ಮಾತೇ ಬಾಯಿಗೆ ಬರುವುದು ಬೇರೆ.

1990ರ ಜನವರಿ 25ರ ರಾತ್ರಿ ಏನಾಯಿತು ನೋಡಿ. ಕೊಲಂಬಿಯಾದ ಏವಿಯಾಂಕಾ 52 ವಿಮಾನ ನ್ಯೂಯಾರ್ಕ್‌ಗೆ ಬರುತ್ತಿತ್ತು. ಹವಾಮಾನ ಕೆಟ್ಟಿತ್ತು. ಇಳಿಯಲು ಸರದಿ ಸಿಗದೆ ವಿಮಾನ ಒಟ್ಟು 1 ಗಂಟೆ 17 ನಿಮಿಷ ಆಕಾಶದಲ್ಲೇ ಸುತ್ತಿತು. ಕ್ಯಾಪ್ಟನ್‌ಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ರೇಡಿಯೋದಲ್ಲಿ ಮಾತಾಡುತ್ತಿದ್ದವರು ಕೋ-ಪೈಲಟ್. ಅವರು ಕೇಳಿದ್ದು 'ಪ್ರಯಾರಿಟಿ', ಅಂದರೆ ಆದ್ಯತೆ. ಇನ್ನು ಸುಮಾರು 5 ನಿಮಿಷ ಕಾಯಬಹುದು, ಬದಲಿ ನಿಲ್ದಾಣವಾದ ಬೋಸ್ಟನ್‌ಗೆ ಹೋಗುವಷ್ಟು ಇಂಧನವಿಲ್ಲ ಎಂದೂ ಹೇಳಿದರು. ಬೋಸ್ಟನ್ ವಿಷಯ ಮುಂದಿನ ಕಂಟ್ರೋಲರ್‌ಗೆ ತಲುಪಲೇ ಇಲ್ಲ.

ಇಳಿಯುವ ಮೊದಲ ಪ್ರಯತ್ನ ಕೈಕೊಟ್ಟಿತು. 'ಎಮರ್ಜೆನ್ಸಿ ಅಂತ ಹೇಳು' ಎಂದು ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ ಹೇಳಿದರು. ಕೋ-ಪೈಲಟ್ ಕಂಟ್ರೋಲರ್ ಕೊಟ್ಟ ದಿಕ್ಕನ್ನು ತಿರುಗಿ ಒಪ್ಪಿಸಿ, ಕೊನೆಯಲ್ಲಿ 'ಇಂಧನ ಮುಗಿಯುತ್ತಾ ಬಂದಿದೆ' ಎಂದಷ್ಟೇ ಸೇರಿಸಿದರು. ಹೇಳಿದೆಯಾ ಎಂದು ಕ್ಯಾಪ್ಟನ್ ಕೇಳಿದಾಗ, ಹೇಳಿದ್ದೇನೆ ಎಂದರು. ಅವರ ಮಟ್ಟಿಗೆ ಹೇಳಿಯೇ ಆಗಿತ್ತು. ಆದರೆ 'ಎಮರ್ಜೆನ್ಸಿ' ಅಥವಾ ಪ್ರಾಣಾಪಾಯದ ಕರೆಯಾದ 'ಮೇಡೇ' ಎಂಬ ಮಾತು ಕಂಟ್ರೋಲರ್ ಕಿವಿಗೆ ಬೀಳಲೇ ಇಲ್ಲ. ನಾಲ್ಕೂ ಎಂಜಿನ್ ನಿಂತು ವಿಮಾನ ಲಾಂಗ್ ಐಲೆಂಡ್‌ನಲ್ಲಿ ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು.

ಆ ಕೋ-ಪೈಲಟ್ ಒಬ್ಬರ ಮೇಲೇ ತಪ್ಪು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಇಂಧನದ ವಿಷಯಕ್ಕೆ ಎಲ್ಲರೂ ಒಂದೇ ಅರ್ಥದಲ್ಲಿ ಬಳಸುವ ಮಾತೇ ಆಗ ಇರಲಿಲ್ಲ ಎಂದು ಅಮೆರಿಕದ ತನಿಖೆಯೂ ಹೇಳಿತು. ಈಗ 'ಮಿನಿಮಮ್ ಫ್ಯೂಯೆಲ್' ಎಂದರೆ ಇನ್ನು ತಡಮಾಡಿಸಬೇಡಿ ಎಂದರ್ಥ. 'ಮೇಡೇ ಫ್ಯೂಯೆಲ್' ಎಂದರೆ ದಾರಿ ಬಿಡಲೇಬೇಕು.

ನಮ್ಮ ದೇಶದಲ್ಲೂ ಆಗಿದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಮಂದಿ ಸತ್ತರು. ಕಜಕಸ್ತಾನದ (ಕಜಕ್) ವಿಮಾನ 15,000 ಅಡಿಯಲ್ಲಿ ನಿಲ್ಲಬೇಕಿತ್ತು. ಅದಕ್ಕಿಂತ ಕೆಳಗಿಳಿದು ಎದುರಿನ ಸೌದಿ ವಿಮಾನಕ್ಕೆ ಬಡಿಯಿತು. ಕಜಕ್ ಸಿಬ್ಬಂದಿಗೆ ಇಂಗ್ಲಿಷ್ ಸಾಲದೆ ಕಂಟ್ರೋಲರ್ ಸೂಚನೆಯನ್ನು ತಪ್ಪಾಗಿ ತಿಳಿದದ್ದೂ ಒಂದು ಕಾರಣ ಎಂದು ತನಿಖೆ ಹೇಳಿತು.

ಇಂಥವುಗಳ ನಂತರ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒ ಇಂಗ್ಲಿಷ್ ಭಾಷಾ ಪರೀಕ್ಷೆ ತಂದಿತು. 2008ರಿಂದ ಜಾರಿ. 6 ಹಂತಗಳಲ್ಲಿ ಕನಿಷ್ಠ 4ನೇ ಹಂತ ಬೇಕು. 4ರಲ್ಲಿರುವವರು 3 ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಕೊಡಬೇಕು. ಇಂಗ್ಲಿಷ್ ಮನೆಮಾತಾದವರೂ ಬೇರೆ ದೇಶದವರಿಗೆ ತಿಳಿಯುವ ಹಾಗೆ ಮಾತಾಡಬೇಕು. ಅವಸರದಲ್ಲಿ ಊರಿನ ಆಡುಮಾತು ಬೆರೆಸಿ ಸರಸರ ಹೇಳಿದರೆ ಆ ಕಡೆಯವರಿಗೆ ಏನೂ ಸಿಗುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ. ಎಲ್ಲ ಕಡೆ ಇಂಗ್ಲಿಷ್ ಒಂದೇ ನಡೆಯುತ್ತದೆ ಅನ್ನುವುದು ಸರಿಯಲ್ಲ. ನೆಲದ ಮೇಲಿನ ಕಂಟ್ರೋಲ್ ಕೇಂದ್ರದಲ್ಲಿ ಬಳಸುವ ಭಾಷೆಯಲ್ಲೂ ಮಾತಾಡಬಹುದು. 2000ದ ಮೇ 25ರಂದು ಪ್ಯಾರಿಸ್‌ನಲ್ಲಿ ಒಂದು ವಿಮಾನಕ್ಕೆ ಫ್ರೆಂಚ್‌ನಲ್ಲಿ ಟೇಕಾಫ್ ಅನುಮತಿ ಸಿಕ್ಕಿತು. ಅದೇ ರನ್‌ವೇಗೆ ಬರಲು ಬ್ರಿಟಿಷ್ ವಿಮಾನಕ್ಕೆ ಇಂಗ್ಲಿಷ್‌ನಲ್ಲಿ ಹೇಳಲಾಯಿತು. ಡಿಕ್ಕಿಯಾಗಿ ಬ್ರಿಟಿಷ್ ವಿಮಾನದ ಒಬ್ಬ ಪೈಲಟ್ ಸತ್ತರು. ತಾಯ್ನುಡಿಯಲ್ಲಿ ಮಾತಾಡುವ ಹಕ್ಕು ನನಗೂ ಇಷ್ಟವೇ. ಆದರೆ ಹೊರದೇಶದ ವಿಮಾನಗಳು ಕೇಳಿಸಿಕೊಳ್ಳುತ್ತಿರುವ ಫ್ರೀಕ್ವೆನ್ಸಿಯಲ್ಲಿ ಎಲ್ಲರಿಗೂ ತಿಳಿಯುವ ಒಂದೇ ಭಾಷೆ ಇರಬೇಕು ಎಂದೇ ನಾನು ಹೇಳುತ್ತೇನೆ.